ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಜೀನ್ ಪರೀಕ್ಷೆ: ಮಾದರಿ ಕೊಡುವ ಮೊದಲು, ವರದಿ ಬಂದ ಮೇಲೆ

ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗೆ ವೈದ್ಯರು ಜೀನ್ ಪರೀಕ್ಷೆ ಬರೆದುಕೊಟ್ಟಾಗ ಅದನ್ನು ಪಿಎಸ್‌ಎ ತರಹದ ಮತ್ತೊಂದು ರಕ್ತಪರೀಕ್ಷೆ ಎಂದು ತಿಳಿಯುವುದುಂಟು. ಪಿಎಸ್‌ಎ ಒಂದು ಪ್ರೋಟೀನಿನ ಪ್ರಮಾಣವನ್ನಷ್ಟೇ ಹೇಳುತ್ತದೆ. ಜೀನ್ ಪರೀಕ್ಷೆಯು ಡಿಎನ್‌ಎ ದುರಸ್ತಿ ಮಾಡುವ ಬಿಆರ್‌ಸಿಎ2 ಮುಂತಾದ ಜೀನ್‌ಗಳಲ್ಲಿ ದೋಷವಿದೆಯೇ ಎಂದು ನೋಡುತ್ತದೆ. ರೋಗ ಹರಡಿ ಹಾರ್ಮೋನ್ ಚಿಕಿತ್ಸೆಗೂ ಬಗ್ಗದಿದ್ದಾಗ, ಇಂಥ ದೋಷವಿರುವವರಿಗೆ ಓಲಾಪರಿಬ್ ಮಾತ್ರೆಯನ್ನು ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಅನುಮತಿ ನೀಡಿತು.

ಮೊದಲ ಕೆಲಸ ಮನೆಯಲ್ಲೇ ಆಗಬೇಕು. ಮೂರು ತಲೆಮಾರಿನ ವಂಶವೃಕ್ಷ ಬರೆದು, ಯಾರಿಗೆ ಯಾವ ವಯಸ್ಸಿನಲ್ಲಿ ಯಾವ ಕ್ಯಾನ್ಸರ್ ಬಂತು ಎಂದು ನಮೂದಿಸಿ. ಬಿಆರ್‌ಸಿಎ2 ಇರುವುದು 13ನೇ ವರ್ಣತಂತುವಿನಲ್ಲಿ, ಲಿಂಗ ನಿರ್ಧರಿಸುವ ವರ್ಣತಂತುವಿನಲ್ಲಲ್ಲ; ಆದ್ದರಿಂದ ಇದೇ ದೋಷದಿಂದ ಬರಬಹುದಾದ, ರೋಗಿಯ ತಾಯಿಯ ತವರಿನ ಸ್ತನ, ಅಂಡಾಶಯ, ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್‌ಗಳೂ ತಂದೆಯ ಕಡೆಯವುಗಳಷ್ಟೇ ಮುಖ್ಯ. ವಿಜಯಪುರ, ಬಾಗಲಕೋಟೆಯ ಹಿರಿಯರು "ಹೊಟ್ಟ್ಯಾಗ ಗಂಟಾಗಿತ್ತು" ಎಂದಷ್ಟೇ ಹೇಳಿ ಸುಮ್ಮನಾದರೆ, ಹಳೆಯ ಆಸ್ಪತ್ರೆ ಚೀಟಿ ಹುಡುಕಿ ಆ ಗಂಟು ಯಾವ ಅಂಗದ್ದೆಂದು ನೋಡಿ. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಂಡ ಮನೆಗಳಲ್ಲಿ ಒಬ್ಬರೇ ಎರಡು ಸಂಬಂಧಗಳಲ್ಲಿ ಬರುವುದರಿಂದ, ಅವರನ್ನು ಇಬ್ಬರೆಂದು ಎಣಿಸದಂತೆ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಡಿ.

ಹುಟ್ಟಿನಿಂದ ಬಂದ ದೋಷ ತಿಳಿಯಲು ರಕ್ತ ಸಾಕು. ಗಡ್ಡೆಯಲ್ಲಿ ಮಾತ್ರ ಹುಟ್ಟಿಕೊಂಡ ದೋಷ ತಿಳಿಯಬೇಕಾದರೆ ಸಾಮಾನ್ಯವಾಗಿ ಬಯಾಪ್ಸಿಯಲ್ಲಿ ತೆಗೆದ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಬೇಕಾಗುತ್ತದೆ. ಅದನ್ನು ಪೆಥಾಲಜಿ ವಿಭಾಗದಿಂದ ವರದಿಯ ಪ್ರತಿಯೊಡನೆ ಕೇಳಿ ಪಡೆಯಿರಿ, ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಇಡಬೇಡಿ. ಬಯಾಪ್ಸಿಯ ತುಣುಕು ಮೂಳೆಯದಾಗಿದ್ದು, ಅದನ್ನು ಪ್ರಬಲ ಆಮ್ಲದಲ್ಲಿ ಮೆತ್ತಗೆ ಮಾಡಿದ್ದರೆ ಡಿಎನ್‌ಎ ಹಾಳಾಗಿರುವ ಸಂಭವ ಹೆಚ್ಚು. ಬೇರೆ ತುಣುಕು ಇದೆಯೇ ಎಂದು ವಿಚಾರಿಸಿ.

ವರದಿಯಲ್ಲಿ "ಮಹತ್ವ ಅನಿಶ್ಚಿತ" ಎಂಬ ಅರ್ಥದ ವಿಯುಎಸ್ ಎಂದಿದ್ದರೆ ಅದರ ಮೇಲೆ ಚಿಕಿತ್ಸೆ ನಿರ್ಧಾರವಾಗುವುದಿಲ್ಲ, ಮನೆಮಂದಿ ಅದಕ್ಕಾಗಿ ಹೆದರಲೂಬೇಕಿಲ್ಲ. ಗಡ್ಡೆಯಲ್ಲಿ ನಿಜವಾದ ದೋಷ ಕಂಡರೂ ಅದು ವಂಶದ್ದೇ ಎಂದು ಹೇಳಲಾಗದು, ರಕ್ತದಲ್ಲಿ ಖಚಿತಪಡಿಸಿಕೊಳ್ಳಬೇಕು. ರಕ್ತದಲ್ಲೂ ಇದ್ದರೆ ಪ್ರತಿ ಮಗುವಿಗೆ ಅದು ಬಂದಿರುವ ಸಾಧ್ಯತೆ ಶೇಕಡಾ 50, ಹೆಣ್ಣುಮಕ್ಕಳಿಗೂ ಅಷ್ಟೇ. ಕೊಟ್ಟ ಮನೆಯಲ್ಲಿರುವ ಮಗಳಿಗೆ ಬಾಯಿಮಾತಿನಲ್ಲಿ ತಿಳಿಸಿ ಬಿಡದೆ ವರದಿಯ ಪ್ರತಿಯನ್ನೇ ಕಳಿಸಿ: ಅದರಲ್ಲಿರುವ ಜೀನ್ ಮತ್ತು ದೋಷದ ನಿಖರ ಹೆಸರಿದ್ದರೆ ಪ್ರಯೋಗಾಲಯವು ಆಕೆಯ ರಕ್ತದಲ್ಲಿ ಅದೊಂದನ್ನೇ ಹುಡುಕಬಹುದು.