ಫಿಶ್ ತಂಡದ ಕಾರ್ಯಕ್ರಮವನ್ನು ನೇರವಾಗಿ ಕೇಳುವ ಬಗೆ

ಫಿಶ್ ತಂಡವನ್ನು ಮೊದಲ ಬಾರಿಗೆ ನೇರವಾಗಿ ಕೇಳಲು ಹೊರಟವರು ಒಂದೇ ಸಭಾಂಗಣದಲ್ಲಿ ಸಾಲಾಗಿ ನಡೆಯುವ ಕಾರ್ಯಕ್ರಮಗಳಲ್ಲಿ ಕನಿಷ್ಠ ಎರಡು ರಾತ್ರಿಗಳಿಗಾದರೂ ಟಿಕೆಟ್ ತೆಗೆದುಕೊಳ್ಳುವುದು ಒಳ್ಳೆಯದು. 1983ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಹುಟ್ಟಿದ ಈ ಜಾಮ್ ಬ್ಯಾಂಡ್ (ವೇದಿಕೆಯ ಮೇಲೆ ಹಾಡನ್ನು ಆಶುವಾಗಿ ಬೆಳೆಸುವ ರಾಕ್ ತಂಡ) ನಿನ್ನೆಯ ಹಾಡನ್ನು ಇಂದು ಮತ್ತೆ ನುಡಿಸುವುದು ಅಪರೂಪ. 2017ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಸಭಾಂಗಣದಲ್ಲಿ ನಡೆದ 13 ರಾತ್ರಿಗಳಲ್ಲಿ ಒಂದು ಹಾಡೂ ಎರಡನೆಯ ಸಲ ಬರಲಿಲ್ಲ. ಆದ್ದರಿಂದ ಮೆಚ್ಚಿನ ಹಾಡಿಗಾಗಿ ಕಾಯುವ ಅಭ್ಯಾಸವನ್ನು ಮನೆಯಲ್ಲೇ ಬಿಟ್ಟು ಹೋಗಬೇಕು.

ಮುಂಚಿನ ಸಿದ್ಧತೆಗೆ ‘ಟ್ವೀಜರ್’ ಒಂದೇ ಸಾಕು. 1992ರ ಆಲ್ಬಮ್‌ನಲ್ಲಿ ಒಂಬತ್ತು ನಿಮಿಷವೂ ಆಗದ ಈ ಹಾಡು 2013ರ ಜುಲೈ 31ರಂದು ಲೇಕ್ ಟಾಹೋದಲ್ಲಿ ಅರ್ಧ ಗಂಟೆಯನ್ನೂ ಮೀರಿ ಬೆಳೆಯಿತು. ಎರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ, ಹಾಡು ಎಲ್ಲಿ ಮುಗಿದು ಮನೋಧರ್ಮ ಎಲ್ಲಿ ಆರಂಭವಾಗುತ್ತದೆ ಎಂಬುದು ಕಿವಿಗೆ ತಾನಾಗಿ ಹತ್ತುತ್ತದೆ. ಪ್ರೇಕ್ಷಕರು ಧ್ವನಿಮುದ್ರಿಸಿಕೊಳ್ಳಲು ತಂಡವೇ ಅವಕಾಶ ಕೊಟ್ಟಿರುವುದರಿಂದ ಹಳೆಯ ರಾತ್ರಿಗಳ ಮುದ್ರಣಗಳಿಗೆ ಕೊರತೆಯಿಲ್ಲ.

ವೇದಿಕೆಯ ಮುಂದೆಯೇ ನಿಲ್ಲಬೇಕೆಂಬ ಹಟ ಬೇಡ. ಧ್ವನಿ ನಿಯಂತ್ರಣದ ಮೇಜಿನ ಹಿಂಭಾಗದಲ್ಲಿ ನಾಲ್ಕೂ ವಾದ್ಯಗಳು ಸಮತೂಕದಲ್ಲಿ ಕೇಳಿಸುತ್ತವೆ, ಜೊತೆಗೆ ಕ್ರಿಸ್ ಕುರೋಡಾ ಅವರ ಬೆಳಕಿನ ವಿನ್ಯಾಸವೂ ಇಡಿಯಾಗಿ ಕಾಣುತ್ತದೆ. ಅವರೂ ಸಂಗೀತವನ್ನು ಕೇಳುತ್ತಲೇ ಬೆಳಕನ್ನು ಬದಲಿಸುವುದರಿಂದ, ನನ್ನ ಲೆಕ್ಕದಲ್ಲಿ ಅವರು ಐದನೆಯ ವಾದಕರೇ.

ಹಾಡಿನ ಸಾಹಿತ್ಯ ಮುಗಿದ ಮೇಲೆ ಹೊಸಬರ ಗಮನವೆಲ್ಲ ಟ್ರೇ ಅನಸ್ಟಾಸಿಯೊ ಅವರ ಗಿಟಾರಿನ ಮೇಲಿರುತ್ತದೆ. ಅದರ ಬದಲು ಮೈಕ್ ಗಾರ್ಡನ್ ಅವರ ಬೇಸ್‌ಗೆ (ತಗ್ಗು ಸ್ವರದ ಗಿಟಾರಿಗೆ) ಕಿವಿಗೊಡಿ. ಬೇಸ್ ತನ್ನ ಆಧಾರ ಸ್ವರವನ್ನು ಬಿಟ್ಟು ಬೇರೆಡೆ ನೆಲೆನಿಂತಾಗ, ಪೇಜ್ ಮೆಕಾನೆಲ್ ಒಂದು ಕೀಬೋರ್ಡಿನಿಂದ ಇನ್ನೊಂದಕ್ಕೆ ಹೊರಳುತ್ತಾರೆ, ಡ್ರಮ್ ನುಡಿಸುವ ಜಾನ್ ಫಿಶ್‌ಮನ್ ತಾಳದ ಒತ್ತನ್ನು ಬದಲಿಸುತ್ತಾರೆ, ಗಿಟಾರ್ ಕ್ಷಣಕಾಲ ಹಿಂದೆ ಸರಿದು ಹೊಸ ದಾರಿ ಹುಡುಕುತ್ತದೆ. ಹಾಡಿನ ಚೌಕಟ್ಟನ್ನು ಹೀಗೆ ಪೂರ್ತಿ ದಾಟುವುದನ್ನು ಅಭಿಮಾನಿಗಳು ‘ಟೈಪ್ 2’ ಎನ್ನುತ್ತಾರೆ, ಚೌಕಟ್ಟಿನೊಳಗೇ ಬೆಳೆಸುವುದು ‘ಟೈಪ್ 1’. ಇಂಥ ಹೊತ್ತಿನಲ್ಲಿ ಪಕ್ಕದವರೊಡನೆ ಮಾತನಾಡುವುದು ದೊಡ್ಡ ಅಪಚಾರ.

ದೀರ್ಘ ಜಾಮ್‌ಗಳು ಹೆಚ್ಚಾಗಿ ಎರಡನೆಯ ಸೆಟ್‌ನಲ್ಲಿ, ಅಂದರೆ ವಿರಾಮದ ನಂತರದ ಭಾಗದಲ್ಲಿ, ಬರುತ್ತವೆ. ನೀರು, ಶೌಚಾಲಯದ ಕೆಲಸಗಳನ್ನು ವಿರಾಮದಲ್ಲೇ ಮುಗಿಸಿ, ದೀಪ ಆರುವ ಮೊದಲೇ ಸ್ವಸ್ಥಾನ ಸೇರಬೇಕು. ಇಯರ್‌ಪ್ಲಗ್ ಮರೆಯಬಾರದು.

ಎನ್‌ಕೋರ್ (ಕೊನೆಯಲ್ಲಿ ವೇದಿಕೆಗೆ ಮರಳಿ ನುಡಿಸುವ ಹಾಡು) ಮುಗಿಯದೆ ಹೊರಡಬೇಡಿ. ‘ಟ್ವೀಜರ್’ ನುಡಿಸಿದ ರಾತ್ರಿ ಅದರ ಮರುರೂಪವಾದ ‘ಟ್ವೀಜರ್ ರಿಪ್ರೈಸ್’ ಸಾಮಾನ್ಯವಾಗಿ ಕೊನೆಗೇ ಬರುತ್ತದೆ. ಕಾರ್ಯಕ್ರಮ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಾದರೆ, ಅದರ ಕೆಳಗೇ ಪೆನ್ ಸ್ಟೇಷನ್ ರೈಲು ನಿಲ್ದಾಣ ಇರುವುದರಿಂದ, ನ್ಯೂಜೆರ್ಸಿಯ ಕನ್ನಡಿಗರು ರಾತ್ರಿಯ ರೈಲಿನ ವೇಳೆಯನ್ನು ಮೊದಲೇ ನೋಡಿಕೊಂಡರೆ ನಿಶ್ಚಿಂತೆಯಿಂದ ಕೊನೆಯವರೆಗೂ ನಿಲ್ಲಬಹುದು.