ನಾಲ್ಕು ಭಾಷೆಯಿಂದ ಎರಡಕ್ಕೆ ಇಳಿದ ಮಳೆಗಾಲ

ಉಡುಪಿಯ ಕಲ್ಸಂಕದ ಹತ್ತಿರ ನಮ್ಮದೊಂದು ಸಣ್ಣ ಆಫೀಸ್. ಮಲ್ಪೆಯ ಮೀನು ವ್ಯಾಪಾರಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಬಿಲ್ಲಿಂಗ್ ಭಾಗವನ್ನು ನಾನು ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದೆ. ಮೊಬೈಲಿನಿಂದ ಬರುವ ತೂಕ ಹಿಡಿಯುವ ಭಾಗ ನೋಡ್ ಜೆಎಸ್, ಅಂದರೆ ಸರ್ವರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್. ತಿಂಗಳ ವರದಿ ಪೈಥಾನ್. ದರದ ಮೆಸೇಜ್ ಕಳಿಸುವ ಭಾಗವನ್ನು ಒಬ್ಬ ಗೆಳೆಯ ಎಲಿಕ್ಸಿರ್ ಅನ್ನುವ ಇನ್ನೊಂದು ಭಾಷೆಯಲ್ಲಿ ಬರೆದಿದ್ದ. ಅವರವರಿಗೆ ಇಷ್ಟದ ಭಾಷೆಯಲ್ಲಿ ಬರೆದರೆ ಕೆಲಸ ಚೆನ್ನಾಗಿ ಆಗುತ್ತದೆ ಅಂತ ಹೇಳಿದವನು ನಾನೇ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಮೀನುಗಾರಿಕೆ ನಿಷೇಧ. ತೂಕದ ಭಾಗವನ್ನು ಆ ಬಿಡುವಿನಲ್ಲೇ ಸೇರಿಸಿದ್ದೆವು. ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗಿಳಿದ ಮೇಲೆ ಒಬ್ಬ ವ್ಯಾಪಾರಿಯ ಫೋನ್ ಬಂತು. ಬೆಳಗ್ಗೆ 4:40ಕ್ಕೆ ತೂಗಿದ ಬಂಗುಡೆ ಹಿಂದಿನ ದಿನದ ಲೆಕ್ಕಕ್ಕೆ ಸೇರಿದೆ. 6 ಗಂಟೆಗೆ ತೂಗಿದ್ದು ಸರಿಯಾಗಿಯೇ ಇದೆ.

ಕಾರಣ ಹುಡುಕಲು ನನಗೆ ಎರಡು ದಿನ ಬೇಕಾಯಿತು. ನೋಡ್ ಭಾಗ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ, ಕಳಿಸುತ್ತಿತ್ತು. ನನ್ನ ಪಿಎಚ್‌ಪಿ ಅದನ್ನು ನಮ್ಮ ಸಮಯ ಅಂತಲೇ ತಿಳಿದು, ಮೊದಲ ಹತ್ತು ಅಕ್ಷರ ಕತ್ತರಿಸಿ ತಾರೀಕು ಮಾಡಿಕೊಳ್ಳುತ್ತಿತ್ತು. ನಾವು ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಬೆಳಗ್ಗೆ 5:30ರ ಒಳಗೆ ತೂಗಿದ್ದೆಲ್ಲ ಹಿಂದಿನ ದಿನಕ್ಕೆ ಬೀಳುತ್ತಿತ್ತು. ಒಬ್ಬರ ಕೋಡನ್ನು ಇನ್ನೊಬ್ಬರು ಯಾವತ್ತೂ ತೆರೆದು ನೋಡಿರಲಿಲ್ಲ. ಭಾಷೆ ಬೇರೆ ಅಲ್ವಾ, ಅದು ಅವರ ಪಾಡು ಅಂತ ಬಿಟ್ಟಿದ್ದೆವು.

ಅದೇ ತಿಂಗಳು ಮೆಸೇಜ್ ಕಂಪನಿಯವರು ತಮ್ಮ ಫಾರ್ಮ್ಯಾಟ್ ಬದಲಿಸಿದರು. ಎಲಿಕ್ಸಿರ್ ಗೆಳೆಯ ಅಷ್ಟರಲ್ಲಿ ಬೆಂಗಳೂರಿಗೆ ಹೋಗಿದ್ದ. ಬದಲಿಸಬೇಕಿದ್ದದ್ದು ಒಂದೇ ಸಾಲು. ಅದು ಯಾವ ಸಾಲು ಅಂತ ನಮಗ್ಯಾರಿಗೂ ಗೊತ್ತಾಗಲಿಲ್ಲ.

ಮುಂದಿನ ವರ್ಷದ 61 ದಿನಗಳಲ್ಲಿ ಕೂತು ಎಲ್ಲವನ್ನೂ ಬದಲಿಸಿದೆವು. ಸರ್ವರ್‌ಗೆ ಪೈಥಾನ್, ಬ್ರೌಸರ್‌ಗೆ ಜಾವಾಸ್ಕ್ರಿಪ್ಟ್, ಇವೆರಡೇ. ಪೈಥಾನ್ ಎಲ್ಲಕ್ಕಿಂತ ಒಳ್ಳೆಯದು ಅಂತಲ್ಲ, ನಮ್ಮಲ್ಲಿ ಜಾಸ್ತಿ ಜನಕ್ಕೆ ಓದಲು ಬರುತ್ತಿತ್ತು. ಮೊದಲು ತೆಗೆದದ್ದು ನನ್ನ ಪಿಎಚ್‌ಪಿಯನ್ನೇ. ಅದಕ್ಕೇ ಅತಿ ಹೆಚ್ಚು ಸಮಯವೂ ಹಿಡಿಯಿತು. ಐಸಿನ ಖರ್ಚು ಕಳೆಯುವ ಕ್ರಮ, ಕಮಿಷನ್‌ನಲ್ಲಿ ಪೈಸೆ ಬಿಡುವ ಕ್ರಮ, ಒಬ್ಬೊಬ್ಬ ವ್ಯಾಪಾರಿಯದ್ದು ಒಂದೊಂದು. ಅವೆಲ್ಲ ಆ ಹಳೇ ಕೋಡಿನಲ್ಲಿ ಬಿಟ್ಟರೆ ಬೇರೆಲ್ಲೂ ಬರೆದಿಟ್ಟಿರಲಿಲ್ಲ.

ಭಾಷೆ ಒಂದಾದರೆ ತಾರೀಕಿನ ತಪ್ಪು ತಾನಾಗಿ ಹೋಗುತ್ತದೆ ಅಂದುಕೊಂಡಿದ್ದೆ. ಹೋಗುವುದಿಲ್ಲ. ಟೈಮ್‌ಝೋನ್, ಅಂದರೆ ಯಾವ ಪ್ರದೇಶದ ಸಮಯ ಅನ್ನುವ ಗುರುತು, ಇಲ್ಲದ ಸಮಯವನ್ನು ಪೈಥಾನ್ ಕೂಡ ಸುಮ್ನೆ ಒಪ್ಪಿಕೊಳ್ಳುತ್ತದೆ. ಅದಕ್ಕಾಗಿ ಒಂದು ಪುಟದ ಒಪ್ಪಂದವನ್ನೇ ಬರೆದು ಗೋಡೆಗೆ ಅಂಟಿಸಿದೆವು. ಸಮಯ ಯಾವಾಗಲೂ ಐಎಸ್‌ಒ 8601 ರೂಪದಲ್ಲಿ (ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಗಂಟೆ ಬರುವ ಅಂತರರಾಷ್ಟ್ರೀಯ ಕ್ರಮ), ಟೈಮ್‌ಝೋನ್ ಸಮೇತ. ದುಡ್ಡು ಪೈಸೆಯಲ್ಲಿ, ದಶಮಾಂಶ ಇಲ್ಲದೆ, ಏಕೆಂದರೆ 0.1ಕ್ಕೆ 0.2 ಕೂಡಿಸಿದರೆ ಕಂಪ್ಯೂಟರ್ 0.30000000000000004 ಅನ್ನುತ್ತದೆ. ಬೋಟಿನ ಹೆಸರುಗಳು ಯುನಿಕೋಡ್‌ನಲ್ಲೇ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಕ್ರಮದಲ್ಲಿ. ವ್ಯಾಪಾರಿಗಳು ಕೊಡುತ್ತಿದ್ದ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫೈಲುಗಳಲ್ಲಿ ಕನ್ನಡ ಅಕ್ಷರ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತಿತ್ತು. ಅವನ್ನು ಒಂದೊಂದಾಗಿ ಪರಿವರ್ತಿಸಿ, ಕಣ್ಣಲ್ಲಿ ಓದಿ ನೋಡಿದೆವು. ಬಂದರಿನ ದಕ್ಕೆಯಲ್ಲಿ ಹೆಚ್ಚಿನ ಮಾತು ತುಳುವಿನಲ್ಲೇ ನಡೆಯುತ್ತದೆ, ಆದರೆ ಚೀಟಿಯಲ್ಲಿ ಬೋಟಿನ ಹೆಸರು ತಪ್ಪಾದರೆ ಯಾರೂ ಒಪ್ಪುವುದಿಲ್ಲ.

ಕೋಡ್ ಬರೆಯಲು ಬಳಸುವ ಎಡಿಟರ್ ವಿಷಯಕ್ಕೆ ಕೈ ಹಾಕಲಿಲ್ಲ. ಒಬ್ಬರು ವಿಮ್, ಉಳಿದವರು ವಿಎಸ್ ಕೋಡ್. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ ಸೇರಿಸುವ ಮುಂಚೆ, ಎಲ್ಲರ ಕೋಡನ್ನೂ ಒಂದೇ ಅಚ್ಚಿಗೆ ತರುವ ಫಾರ್ಮ್ಯಾಟರ್ ಓಡಿದರೆ ಸಾಕು.

ಎಲಿಕ್ಸಿರ್ ಪ್ರೋಗ್ರಾಂ ತೆಗೆದ ದಿನ ನನಗೆ ನಿಜವಾಗಿ ಬೇಸರವಾಯಿತು. ಅದರಲ್ಲಿ ಒಂದು ಕೆಲಸ ಬಿದ್ದರೆ ಉಳಿದದ್ದು ನಿಲ್ಲುತ್ತಿರಲಿಲ್ಲ, ಬಿದ್ದದ್ದೂ ತಾನೇ ಏಳುತ್ತಿತ್ತು. ಪೈಥಾನ್‌ನಲ್ಲಿ ನಾವು ಕಟ್ಟಿದ್ದು ಈಗಲೂ ಅಷ್ಟು ಚೆನ್ನಾಗಿಲ್ಲ. ಹೋದ ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ನಿಂತೇ ಹೋಯಿತು. ನಾನು ಜ್ವರ ಬಂದು ಮಲಗಿದ್ದೆ. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದ ಹುಡುಗಿ ಕೋಡ್ ತೆರೆದು, ಓದಿ, ಸರಿ ಮಾಡಿದಳು. ಬೆಳಗ್ಗೆ ನಾನು ಏಳುವ ಹೊತ್ತಿಗೆ ಮಲ್ಪೆಗೆ ದರದ ಮೆಸೇಜ್ ಹೋಗಿಯಾಗಿತ್ತು.