ಗ್ಯಾಸ್ ಗೀಸರನ್ನು ಬಚ್ಚಲಿಂದ ಹೊರಗೆ ಹಾಕಿದ ನನ್ನ ಅನುಭವ

'ನೀರು ನಲ್ಲಿಗೆ ಬರೋದ್ರೊಳಗೆ ಆರಿಹೋಗುತ್ತೆ, ಗಾಳಿಗೆ ಬೆಂಕಿ ನಿಲ್ಲಲ್ಲ.' ಗೀಸರನ್ನು ಯುಟಿಲಿಟಿಗೆ, ಅಂದ್ರೆ ಅಡುಗೆಮನೆ ಪಕ್ಕದ ತೆರೆದ ಜಾಗಕ್ಕೆ, ಹಾಕ್ತೀನಿ ಅಂದಾಗ ನಮ್ಮಂಥ ಗೀಸರ್ ಕೂರಿಸುವವರೆಲ್ಲ ಹೇಳಿದ್ದು ಇದೇ. ಈಗ ಬೆಂಗಳೂರಲ್ಲಿ 40ರ ಹತ್ತಿರ ಮನೆಗಳಲ್ಲಿ ಹಾಗೇ ಕೂರಿಸಿದ್ದೇನೆ. ಎಲ್ಲವೂ ಓಡುತ್ತಿವೆ.

ಶುರುವಾಗಿದ್ದು ನಮ್ಮ ಮನೆಯಿಂದ. 3 ವರ್ಷದ ಹಿಂದೆ ತಂಗಿಯ ಮಗಳು ಸ್ನಾನಕ್ಕೆ ಹೋದವಳು ಬಚ್ಚಲಲ್ಲೇ ಬಿದ್ದುಬಿಟ್ಟಳು. ಚಿಲಕ ಒಡೆದು ಎತ್ತಿಕೊಂಡು ಬಂದೆವು. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟ ಮೇಲೆ ಸರಿಹೋದಳು. ಆ ಗೀಸರ್ ಕೂರಿಸಿದ್ದು ನಾನೇ. ಗ್ಯಾಸ್ ಲೀಕ್ ಇರಲಿಲ್ಲ, ವಾಸನೆಯೂ ಇರಲಿಲ್ಲ. ಮುಚ್ಚಿದ ಜಾಗದಲ್ಲಿ ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ವಿಷಗಾಳಿ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲವಲ್ಲ.

ಎಕ್ಸಾಸ್ಟ್ ಫ್ಯಾನ್ ಸಾಕು ಅಂದುಕೊಂಡಿದ್ದೆ ಮೊದಲು. ಎರಡೂವರೆ ಸಾವಿರ ಕೊಟ್ಟು ಆ ವಿಷಗಾಳಿ ಅಳೆಯುವ ಮೀಟರ್ ತಂದೆ. ಅದನ್ನು ಬಚ್ಚಲಲ್ಲಿಟ್ಟು, ಮೊಬೈಲಲ್ಲಿ ವಿಡಿಯೋ ಹಾಕಿ, ಬಾಗಿಲು ಮುಚ್ಚಿ ಹೊರಗೆ ನಿಂತೆ. ಸುಮಾರು 10 ನಿಮಿಷಕ್ಕೆ 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಗೆ 100 ಪಾಲು) ದಾಟಿತ್ತು. ಫ್ಯಾನ್ ಹಾಕಿದರೂ ಜಾಸ್ತಿ ಇಳಿಯಲಿಲ್ಲ. ಒಳಗೆ ಗಾಳಿ ಬರದೆ ಫ್ಯಾನ್ ಏನನ್ನು ಎಳೆಯುತ್ತೆ? ಬಾಗಿಲ ಕೆಳಗೆ 2 ಇಂಚು ಕೊಯ್ದ ಮೇಲೆ ಇಳಿಯಿತು. ಆದರೆ ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತೆ, ಗೀಸರ್ ನಿಲ್ಲಲ್ಲ. ಅದು ಬ್ಯಾಟರಿಯಲ್ಲಿ ಓಡೋದು, ಅಲ್ವಾ? ಅಲ್ಲಿಗೆ ಆ ದಾರಿ ಬಿಟ್ಟೆ.

ಹೊರಗೆ ಹಾಕಿದ ಮೊದಲನೇ ಮನೆ 3ನೇ ಮಹಡಿ. ಆಷಾಢದ ಗಾಳಿಗೆ ಬೆಂಕಿ ಆರುತ್ತಲೇ ಇತ್ತು. 1,800 ರೂಪಾಯಿ ಖರ್ಚು ಮಾಡಿಸಿ ಸುತ್ತಲೂ ತಗಡಿನ ಪೆಟ್ಟಿಗೆ ಕಟ್ಟಿಸಿದೆ. ದೊಡ್ಡ ತಪ್ಪು ಅದು. ಗಾಳಿ ಸಾಲದೆ ವಾರದೊಳಗೆ ಬೆಂಕಿ ಹಳದಿಯಾಯಿತು, ಬೆಂಕಿಯ ಮೇಲಿನ ತೆಳು ತಗಡುಗಳಿಗೆಲ್ಲ (ಫಿನ್ನು) ಮಸಿ. ಬಿಚ್ಚಿ ಹಾಕಿ ಅವರ ದುಡ್ಡು ವಾಪಸ್ ಕೊಟ್ಟೆ. ಈಗ ಎರಡು ಪಕ್ಕಕ್ಕೆ ಮಾತ್ರ ತಗಡು, ಮೇಲೆ ಕೆಳಗೆ ಪೂರ್ತಿ ತೆರೆದಿರುತ್ತೆ. ತಗಡಿಗೂ ಗೀಸರಿಗೂ ಎಷ್ಟು ಸಂದು ಬಿಡಬೇಕು, ಯಾವ ಕಡೆಗೆ ವಾಲಿಸಬೇಕು ಅನ್ನೋದು ನನ್ನ ಹತ್ತಿರವೇ ಇರಲಿ. ಅದನ್ನು ಕಲಿಯಲು ಒಂದು ಮಳೆಗಾಲ ಕಳೆದಿದ್ದೇನೆ.

ನೀರು ಆರುವ ಮಾತು ಸುಳ್ಳು. ಅರ್ಧ ಇಂಚಿನ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಪೈಪಿಗೆ ಫೋಮ್ ಕೊಳವೆ ತೊಡಿಸಿದರೆ 12 ಅಡಿ ದೂರಕ್ಕೆ ಮೊದಲ ಒಂದೆರಡು ಮಗ್ ಮಾತ್ರ ತಣ್ಣಗೆ. 20 ಅಡಿ ಮೇಲಿದ್ದರೆ ನಾನು ಒಪ್ಪಲ್ಲ. ಕೂಲಿ ಸೇರಿ 3,000ದ ಆಸುಪಾಸು.

ಗೀಸರ್ ಹೇಗೂ ಇಳಿಸಿರುತ್ತೇವಲ್ಲ, ಬೋರ್‌ವೆಲ್ ನೀರಿನ ಮನೆಯಾದರೆ ನೀರು ಕಾಯುವ ಒಳಗಿನ ಸುರುಳಿ ಕೊಳವೆ, ಅಂದ್ರೆ ಕಾಯಿಲ್ ಕೂಡ ತೊಳೆಯುತ್ತೇನೆ. ಒಮ್ಮೆ ಹುಣಸೆಹಣ್ಣಿನ ನೀರು ಬಿಟ್ಟು ನೋಡಿದೆ, ಸುಮ್ನೆ ಅರ್ಧ ದಿನ ಹಾಳು. 2 ಲೀಟರ್ ನೀರಿಗೆ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಸಣ್ಣ ಪಂಪಿನಲ್ಲಿ ಒಂದು ಗಂಟೆ ಸುತ್ತಿಸಿದರೆ ಸುಣ್ಣ ಬಿಡುತ್ತೆ.

ಹೋದ ಚಳಿಗಾಲ ಒಂದು ಮನೆಗೆ ಸರ್ವೀಸಿಗೆ ಹೋದೆ. ಧೂಳು ಬರುತ್ತೆ ಅಂತ ಯುಟಿಲಿಟಿಗೆ ಪೂರ್ತಿ ಸ್ಲೈಡಿಂಗ್ ಗಾಜು ಹಾಕಿಸಿಬಿಟ್ಟಿದ್ದರು. ಮೀಟರ್ 60 ತೋರಿಸಿತು. 'ಅಮ್ಮಾ, ಇದು ಬಚ್ಚಲಿಗಿಂತ ಬೇರೆ ಅಲ್ಲ, ವಿಷಗಾಳಿ ಅಡುಗೆಮನೆಗೇ ಬರುತ್ತೆ' ಅಂದೆ. ಎರಡು ಗಾಜು ಬಿಚ್ಚಿಸಿ, ಆ ಜಾಗಕ್ಕೆ ಜಾಲರಿ ಹೊಡೆದು, ಮೀಟರ್ ಸೊನ್ನೆಗೆ ಬರುವವರೆಗೂ ಅಲ್ಲೇ ಕೂತಿದ್ದೆ.